ನೀರು ನೋಡುವ ಮೊದಲು ಮರ ನೋಡು

ಮಗಾ,

ಹೊಸ ರಾಡು ಕೊಂಡೆಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದರು. ಕಾರ್ಬನ್ ರಾಡು, ರೀಲು, ಬಣ್ಣಬಣ್ಣದ ರಬ್ಬರ್ ಹುಳಗಳ ಡಬ್ಬಿ, ಎಲ್ಲ ಸೇರಿ ಒಂದು ಒಳ್ಳೆಯ ಕರುವಿನ ಬೆಲೆಯೇ ಆಗಿರಬೇಕು. ಆಗಲಿ, ದುಡಿಯುವವನು ತನ್ನ ಖುಷಿಗೆ ಖರ್ಚು ಮಾಡಿದರೆ ತಪ್ಪೇನಿಲ್ಲ. ಊರಿಗೆ ಬಂದಾಗ ಅದನ್ನು ತೋಟದ ಕೆಳಗಿನ ಹಳ್ಳಕ್ಕೆ ಇಳಿಸುತ್ತೇನೆ ಅಂದೆಯಂತಲ್ಲ, ಅದಕ್ಕೇ ಈ ನಾಲ್ಕು ಮಾತು. ಕೆರೆಗೆ, ಜಲಾಶಯದ ಹಿನ್ನೀರಿಗೆ ಆ ಸಾಮಾನು ಸರಿ. ಎರಡೂ ದಡದ ಮರಗಳು ಮೇಲೆ ಕೂಡಿಕೊಂಡು ಹಗಲಲ್ಲೂ ಮಬ್ಬುಗತ್ತಲೆ ಮಾಡುವ ಸಣ್ಣ ಹಳ್ಳಕ್ಕೆ ಬೇರೆ ವಿದ್ಯೆ ಬೇಕು. ಅದರ ಮೊದಲ ಪಾಠ ಕತ್ತೆತ್ತಿ ನೋಡುವುದು. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಯಾವ ಹುಳ ಎಲೆ ತಿನ್ನುತ್ತಿದೆ ಅಂತ ತಿಳಿದರೆ, ಕೆಳಗಿನ ಮೀನು ಏನನ್ನು ಕಾಯುತ್ತಿದೆ ಅಂತಲೂ ತಿಳಿದಂತೆ.

ಹಳ್ಳದ ಲೆಕ್ಕ ಹೊಳೆಯ ಲೆಕ್ಕದಂತಲ್ಲ. ದಟ್ಟ ನೆರಳಿನಲ್ಲಿ ಹರಿಯುವ ನೀರಿಗೆ ಬಿಸಿಲು ಕಡಿಮೆ. ಬಿಸಿಲಿಲ್ಲದ ಕಡೆ ಪಾಚಿ ಕಡಿಮೆ, ಪಾಚಿ ಮೇಯುವ ನೀರುಹುಳವೂ ಕಡಿಮೆ. ಆದರೂ ಅಲ್ಲಿ ಮೀನು ಬದುಕಿಕೊಂಡಿದೆ, ಯಾಕೆಂದರೆ ಅದರ ಊಟದ ದೊಡ್ಡ ಪಾಲು ಮೇಲಿನಿಂದ ಬೀಳುತ್ತದೆ: ಇರುವೆ, ಮಿಡತೆ, ಜೀರುಂಡೆ, ಎಲೆ ತಿನ್ನುವ ಹುಳ, ಕಳಿತ ಅತ್ತಿಹಣ್ಣು. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಶಿಗೇರು ನಕಾನೊ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಕಾಡಿನ ತೊರೆಯೊಂದಕ್ಕೆ ಬಲೆಯ ಚಪ್ಪರ ಹಾಕಿ, ಮರದ ಹುಳ ನೀರಿಗೆ ಬೀಳದಂತೆ ತಡೆದು ನೋಡಿದರು. ಹಸಿದ ಮೀನುಗಳು ನೀರೊಳಗಿನ ಹುಳಗಳಿಗೆ ಬಾಯಿ ಹಾಕಿದವು; ಆ ಹುಳಗಳು ಕಡಿಮೆಯಾದದ್ದೇ ಕಲ್ಲಿನ ಮೇಲೆ ಪಾಚಿ ಹೆಚ್ಚಿತು. ಇದು 1999ರಲ್ಲಿ ಪ್ರಕಟವಾದ ಕೆಲಸ. 2001ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದ ಪ್ರಕಾರ ಅಲ್ಲಿನ ಮೀನುಗಳಿಗೆ ವರ್ಷವಿಡೀ ಸಿಗುವ ಆಹಾರಶಕ್ತಿಯಲ್ಲಿ ಸುಮಾರು ಶೇ 44ರಷ್ಟು ನೆಲದ ಮೇಲಿನ ಹುಳಹುಪ್ಪಟೆಯಿಂದಲೇ ಬರುತ್ತದೆ. ಅಲ್ಲಿಯ ಕಾಡು ಬೇರೆ, ಮೀನು ಬೇರೆ; ಅಂಕಿಯನ್ನು ಇಲ್ಲಿಗೆ ಹಾಗೇ ತಂದು ಕೂರಿಸಲಾಗದು. ಆದರೆ ದಡದ ಮರವೇ ಹಳ್ಳದ ಅಡುಗೆಮನೆ ಅನ್ನುವುದು ಇಲ್ಲಿಗೂ ಸಲ್ಲುತ್ತದೆ.

ಹುಳದ ಪಂಚಾಂಗ ಸಾಗುವಾನಿಯಿಂದ ಶುರುವಾಗುತ್ತದೆ. ನಮ್ಮ ಎನ್‌.ಆರ್‌. ಪುರ, ಲಕ್ಕವಳ್ಳಿ ಕಡೆಯ ನೆಡುತೋಪುಗಳನ್ನು ನೀನು ಬಸ್ಸಿನಿಂದ ನೋಡಿದ್ದೀಯ. ಬೇಸಿಗೆಯಲ್ಲಿ ಬೋಳಾದ ಮರ ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಚಿಗುರಿ ನಿಂತಿರುತ್ತದೆ. ಆ ಎಳೆ ಎಲೆಗೆ ಕಾದು ಕುಳಿತಂತೆ ಪತಂಗ ಬಂದು ಮೊಟ್ಟೆ ಇಡುತ್ತದೆ. ಹಿಬ್ಲಿಯಾ ಪ್ಯುಯೆರಾ ಅಂತ ಅದರ ಶಾಸ್ತ್ರೀಯ ಹೆಸರು. ನಮಗೆ ಸಾಗುವಾನಿ ಹುಳ ಅಂದರೆ ಸಾಕು. ಎಳೆಯ ಹುಳ ಎಲೆಯಂಚನ್ನು ಕತ್ತರಿಸಿ ಮಡಚಿ, ನೂಲಿನಿಂದ ಹೊಲಿದುಕೊಂಡು ಒಳಗೆ ಕೂತು ತಿನ್ನುತ್ತದೆ. ಎರಡು ವಾರ ಕಳೆಯುವುದರೊಳಗೆ ಒಂದೂವರೆ ಅಂಗುಲಕ್ಕೆ ಬೆಳೆಯುತ್ತದೆ. ಕಪ್ಪು ಮೈ, ಉದ್ದಕ್ಕೂ ಗೆರೆ. ಹುಳ ಜೋರಾದ ವರ್ಷ ಎಲೆಯಲ್ಲಿ ನರ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅಂಥ ತೋಪಿನ ಕೆಳಗೆ ಮಾತಾಡದೆ ಒಂದು ಗಳಿಗೆ ನಿಲ್ಲು. ಆಕಾಶ ತಿಳಿಯಾಗಿದ್ದರೂ ಸೋನೆ ಮಳೆ ಹಿಡಿದಂಥ ಸದ್ದು ಕೇಳುತ್ತದೆ. ಸಾವಿರಾರು ಹುಳಗಳ ಹಿಕ್ಕೆ ಒಣಗಿದ ಎಲೆಗಳ ಮೇಲೆ ಉದುರುವ ಸದ್ದು ಅದು.

ಬೆಳೆದು ಮುಗಿದ ಹುಳ ಕೋಶ ಕಟ್ಟಲು ನೆಲಕ್ಕೆ ಬರಬೇಕು. ಬಾಯಿಯಿಂದ ನೂಲು ಬಿಡುತ್ತ ಅದಕ್ಕೇ ಜೋತುಬಿದ್ದು ಕೆಳಗಿಳಿಯುತ್ತದೆ. ಕೆಳಗೆ ತರಗೆಲೆ ಇದ್ದರೆ ಬದುಕಿತು, ನೀರಿದ್ದರೆ ಮೀನಿನ ಪಾಲಾಯಿತು. ಹಳ್ಳದ ಮೇಲೆ ಬಾಗಿದ ಸಾಗುವಾನಿಯ ಅಡಿಯಲ್ಲಿ ಆ ದಿನಗಳಲ್ಲಿ ಮೀನು ಗುಂಪುಗೂಡುವುದು ಇದಕ್ಕೇ. ಆಗ ನಿನಗೆ ಎರೆಹುಳ ಅಗೆಯುವ ಕಷ್ಟವೂ ಇಲ್ಲ. ನೂಲಿನಲ್ಲಿ ತೂಗಾಡುವುದನ್ನು ಹಾಗೇ ಕೈಗೆ ತೆಗೆದುಕೊಳ್ಳಬಹುದು. ಕೊಂಬೆಯಲ್ಲೇ ಇದ್ದರೆ ಕೊಡೆ ಬಿಚ್ಚಿ, ತಲೆಕೆಳಗು ಮಾಡಿ ಕೊಂಬೆಯಡಿ ಹಿಡಿ. ಕೋಲಿನಿಂದ ಒಂದೇ ಏಟು ತಟ್ಟು. ಬೇಕಾದಷ್ಟು ಕೊಡೆಯೊಳಗೆ ಬೀಳುತ್ತದೆ. ಅರಣ್ಯ ಇಲಾಖೆಯ ತೋಪಿಗೆ ನುಗ್ಗಲು ಹೋಗಬೇಡ. ಬೇಲಿಸಾಲಿನಲ್ಲಿ ನಿಮ್ಮಪ್ಪ ನೆಟ್ಟದ್ದೇ ಇದೆಯಲ್ಲ. ಕೆಲವು ಹುಳ ಮೆತ್ತಗಾಗಿ, ತಲೆಕೆಳಗಾಗಿ ಜೋತುಬಿದ್ದು, ಮುಟ್ಟಿದರೆ ನೀರಾಗುತ್ತವೆ. ಅವು ವೈರಸ್ ರೋಗ ತಗಲಿದವು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಆ ವೈರಸ್ಸನ್ನೇ ಸಾಗುವಾನಿ ಹುಳದ ಮೇಲೆ ಪ್ರಯೋಗಿಸಿ ತೋಪು ಕಾಯುವ ಕ್ರಮ ರೂಪಿಸಿದ್ದಾರೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ, ಆದರೆ ಅಂಥ ಹುಳ ಗಾಳದಲ್ಲಿ ನಿಲ್ಲುವುದಿಲ್ಲ, ಬಿಟ್ಟುಬಿಡು.

ಮಳೆಗಾಲ ಕಳೆದ ಮೇಲೆ ಬಾಳೆಯ ಸರದಿ. ಅಡಿಕೆ ತೋಟದ ನಡುವಿನ ಬಾಳೆಯ ಎಲೆ ನೋಡು. ಅಂಚಿನಿಂದ ಸೀಳಿ, ದಿಂಡಿನ ಕಡೆಗೆ ಬಿಗಿಯಾಗಿ ಸುತ್ತಿಕೊಂಡು ಬಂದ ಸುರುಳಿ ಜೋತಾಡುತ್ತಿದ್ದರೆ ಅದರೊಳಗೆ ಹುಳವಿದೆ. ಬಿಚ್ಚಿದರೆ ತೆಳು ಹಸಿರು ಮೈಯ ದಪ್ಪ ಹುಳ, ಕಪ್ಪು ತಲೆ, ಮೈತುಂಬ ಬಿಳಿ ಹಿಟ್ಟು. ಮುಟ್ಟಿದರೆ ಬೆರಳಿಗೆ ಅಂಟುವ ಆ ಹಿಟ್ಟು ಒಂದು ಬಗೆಯ ಮೇಣ. ಊಟಕ್ಕೆ ಎಲೆ ಕೊಯ್ಯಲು ಹೋದಾಗಲೆಲ್ಲ ನಿನ್ನ ಚಿಕ್ಕಮ್ಮ ಇದಕ್ಕೆ ಶಾಪ ಹಾಕುತ್ತಾಳೆ. ಹಾಗಾಗಿ ನೀನು ತೆಗೆದಷ್ಟೂ ಮನೆಗೆ ಉಪಕಾರ. ಇನ್ನೊಂದು ಅನುಕೂಲವೂ ಇದೆ. ಹುಳವನ್ನು ಹೊರಗೆ ತೆಗೆಯಬೇಡ. ಸುರುಳಿಯನ್ನೇ ಒಂದು ಗೇಣು ಎಲೆ ಸಮೇತ ಕತ್ತರಿಸಿ ಚೀಲಕ್ಕೆ ಹಾಕಿಕೊ. ಮನೆಯೂ ಊಟವೂ ಅದರ ಸುತ್ತಲೇ ಇರುವುದರಿಂದ ಹಳ್ಳದ ದಡ ಮುಟ್ಟುವವರೆಗೂ ಚುರುಕಾಗಿರುತ್ತದೆ. ಕೆಲವು ಸುರುಳಿಯಲ್ಲಿ ಹುಳದ ಬದಲು ಕೋಶ ಸಿಗುತ್ತದೆ. ಅದು ಗಾಳಕ್ಕೆ ಆಗದು.

ಬೆಂಗಳೂರಿನಲ್ಲಿದ್ದುಕೊಂಡೇ ಹುಳ ಬೇಕೆಂದರೆ ಅವರೆಕಾಯಿ ಕಾಲಕ್ಕೆ ಕಾಯಿ ಸುಲಿಯಲು ಕೂರು. ಕಾಯಿಕೊರಕ ಹುಳ ಕೇಳದೆಯೇ ಸಿಗುತ್ತದೆ. ಒಂದೇ ಡಬ್ಬಿಗೆ ನಾಲ್ಕಾರು ತುಂಬಬೇಡ; ಒಂದನ್ನೊಂದು ಕಚ್ಚಿ ತಿನ್ನುವ ಜಾತಿ ಅದು. ನಂದಿಬಟ್ಟಲು, ಕಣಗಿಲೆ ಗಿಡದಲ್ಲಿ ಬೆರಳುದ್ದದ ಹಸಿರು ಹುಳ ಇರುತ್ತದೆ, ಮುಂಭಾಗದಲ್ಲಿ ನೀಲಿ ಕಣ್ಣಿನಂಥ ಎರಡು ಗುರುತು. ಎಲೆಯ ಬಣ್ಣಕ್ಕೇ ಹೊಂದಿಕೊಂಡಿರುವ ಅದನ್ನು ಗಿಡದಲ್ಲಿ ಹುಡುಕಿದರೆ ಸಿಗದು, ಬುಡದ ನೆಲ ನೋಡಬೇಕು. ಮೆಣಸಿನಕಾಳಿನ ಗಾತ್ರದ, ಉದ್ದಕ್ಕೆ ಗೀರುಗಳಿರುವ ಹಿಕ್ಕೆ ಬಿದ್ದಿರುತ್ತದೆ. ಹಿಕ್ಕೆ ಹಸಿಯಾಗಿದ್ದರೆ ಹುಳ ಸರಿಯಾಗಿ ಅದರ ಮೇಲಿನ ಕೊಂಬೆಯಲ್ಲೇ ಇದೆ. ನೋಡಲು ಕಲಿಯಲಿ ಅಂತ ಇದನ್ನು ಹೇಳಿದೆ, ಹಿಡಿಯಲಿ ಅಂತಲ್ಲ. ಅದು ರಾತ್ರಿ ಹೂವಿಂದ ಹೂವಿಗೆ ಹಾರುವ ದೊಡ್ಡ ಪತಂಗದ ಮರಿ. ಗಿಡಕ್ಕೆ ಒಂದೋ ಎರಡೋ ಇರುವಂಥದ್ದು. ನನ್ನ ನಿಯಮ ಸರಳ: ಸಾವಿರ ಇರುವ ಕಡೆ ಹತ್ತು ತೆಗೆ, ಒಂದೇ ಇರುವ ಕಡೆ ಕೈ ಕಟ್ಟಿಕೊ.

ಇನ್ನು ಮುಟ್ಟಬಾರದ ಹುಳಗಳು. ರೋಮವಿರುವ ಯಾವುದನ್ನೂ ಮುಟ್ಟಬೇಡ. ನುಗ್ಗೆ ಮರದ ಕಾಂಡಕ್ಕೆ ಗುಂಪುಗುಂಪಾಗಿ ಅಂಟಿಕೊಂಡಿರುವ ಕಂಬಳಿಹುಳ ನೀನು ಚಿಕ್ಕಂದಿನಲ್ಲಿ ಕಂಡದ್ದೇ. ರೋಮ ಚರ್ಮದೊಳಗೆ ಮುರಿದು ಕೂತು ದಿನಗಟ್ಟಲೆ ತುರಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ನೋಡಲು ಚಂದದ ಹಸಿರು, ಗಿಡ್ಡ, ಚಪ್ಪಟೆ ಹುಳ, ಮೈಮೇಲೆ ಮುಳ್ಳಿನ ಗೊಂಚಲುಗಳು. ತೆಂಗು, ಕಾಫಿ ಗಿಡದ ಎಲೆಯ ಅಡಿಯಲ್ಲಿರುತ್ತದೆ. ತಾಗಿದರೆ ಕೆಂಡ ಇಟ್ಟ ಹಾಗೆ ಉರಿ. ಹಾಗೇನಾದರೂ ಆದರೆ ಉಜ್ಜಬೇಡ. ಉಜ್ಜಿದರೆ ರೋಮ ಇನ್ನೂ ಒಳಗೆ ಹೋಗುತ್ತದೆ. ಗಮ್‌ಟೇಪು ಅಂಟಿಸಿ ಕಿತ್ತು, ಆಮೇಲೆ ಸಾಬೂನು ಹಾಕಿ ತೊಳೆ. ಕಣ್ಣಿಗೆ ರೋಮ ಹೋಗಿದ್ದರೆ ಮನೆಮದ್ದು ಮಾಡುತ್ತ ಕೂರಬೇಡ, ನೇರ ಡಾಕ್ಟರ ಹತ್ತಿರ ಹೋಗು.

ಬಣ್ಣ ಬಳಿದುಕೊಂಡು ರಾಜಾರೋಷವಾಗಿ ಎಲೆಯ ಮೇಲೆ ಕೂತ ಹುಳವನ್ನೂ ಬಿಡು. ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಇರುತ್ತದೆಯಲ್ಲ, ಅದು ಎಕ್ಕದ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡಿರುತ್ತದೆ. ಹಕ್ಕಿಯೇ ಬೇಡ ಅನ್ನುವುದನ್ನು ಮೀನಿಗೆ ಯಾಕೆ ಕೊಡುತ್ತೀಯ? ಈಶ್ವರಬಳ್ಳಿಯಲ್ಲಿ ಕೆಂಪು ಮುಳ್ಳಿನಂಥ ಉಬ್ಬುಗಳಿರುವ ಕಡುಗಪ್ಪು ಹುಳ ಕಂಡರಂತೂ ದೂರದಿಂದಲೇ ಕೈ ಮುಗಿ. ನಮ್ಮ ರಾಜ್ಯದ ಚಿಟ್ಟೆ ಅಂತ ಘೋಷಣೆಯಾಗಿರುವ ಸದರ್ನ್ ಬರ್ಡ್‌ವಿಂಗ್‌ನ ಮರಿ ಅದು. ಮೈಯಲ್ಲಿ ಆ ಬಳ್ಳಿಯ ವಿಷವಿದೆ, ಮೇಲಾಗಿ ಅದಕ್ಕೆ ಆ ಜಾತಿಯ ಬಳ್ಳಿ ಬಿಟ್ಟರೆ ಬೇರೆ ಗತಿಯಿಲ್ಲ.

ಹುಳ ಒಳ್ಳೆಯದಾದರೂ ಗಿಡ ಒಳ್ಳೆಯದಿರಬೇಕು. ಮಳೆಗೆ ಮೊದಲು ಅಡಿಕೆ ಕೊನೆಗೆ ಬೋರ್ಡೊ ಹೊಡೆಯುತ್ತೇವೆ, ಮತ್ತೆ 40–45 ದಿನ ಬಿಟ್ಟು ಇನ್ನೊಂದು ಸುತ್ತು. ಹೊಡೆದ ದ್ರಾವಣದಲ್ಲಿ ಒಂದು ಪಾಲು ಕೆಳಗಿನ ಬಾಳೆ ಎಲೆಯ ಮೇಲೆ ಬಿದ್ದು ನೀಲಿ ಕಲೆಯಾಗಿ ಒಣಗಿರುತ್ತದೆ. ಅದರಲ್ಲಿರುವ ಮೈಲುತುತ್ತ ಎಂದರೆ ತಾಮ್ರ; ಮೀನಿಗೆ ತಾಮ್ರ ಆಗದು. ನೀಲಿ ಕಲೆ ಇರುವ ಎಲೆಯ ಹುಳ ತೆಗೆಯಬೇಡ. ಕೀಟನಾಶಕ ಹೊಡೆದ ತರಕಾರಿ ಹೊಲದ್ದು ಬೇಡವೇ ಬೇಡ; ಆ ಮೀನನ್ನು ಕೊನೆಗೆ ತಿನ್ನುವವರು ನಾವೇ. ನಿನ್ನ ಕೈಯ ವಿಷಯದಲ್ಲೂ ಎಚ್ಚರ. ಇಂಬಳಕ್ಕೆ ಅಂತ ಹೊಗೆಸೊಪ್ಪು ಉಜ್ಜಿಕೊಂಡ ಕೈ, ಸೊಳ್ಳೆ ಕ್ರೀಮು ಬಳಿದುಕೊಂಡ ಕೈ, ಸಿಗರೇಟಿನ ಕೈ ಹುಳಕ್ಕೆ ತಾಗದಿರಲಿ. ದಡದ ಮಣ್ಣಿನಲ್ಲಿ ಕೈ ತಿಕ್ಕಿ ತೊಳೆದುಕೊ.

ಹುಳವನ್ನು ಎಲೆಯಿಂದ ಎಳೆದು ಕೀಳುವವರಿದ್ದಾರೆ. ಹುಳದ ಹೊಟ್ಟೆಯಡಿ ದಪ್ಪ ಕಾಲುಗಳಿವೆ. ಅವುಗಳ ತುದಿಯಲ್ಲಿ ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳ ಸಾಲೇ ಇದೆ. ಎಳೆದರೆ ಹಿಡಿತ ಬಿಡುವುದಿಲ್ಲ, ಮೈ ಹರಿಯುತ್ತದೆ. ಹಿಂಬದಿಯಿಂದ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟು, ತಾನಾಗಿ ಮುಂದಕ್ಕೆ ನಡೆದು ನಿನ್ನ ಬೆರಳಿಗೆ ಬರುತ್ತದೆ. ಅವಸರವಿದ್ದರೆ ಎಲೆಯ ತುಂಡಿನ ಸಮೇತ ಕತ್ತರಿಸಿ ತೆಗೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆವೆತು ಸಾಯುತ್ತವೆ. ಮುಚ್ಚಳಕ್ಕೆ ತೂತು ಮಾಡಿದ ತಗಡಿನ ಡಬ್ಬಿ ಅಥವಾ ಬಿದಿರಿನ ಅಂಡೆ ಸಾಕು. ಒಳಗೆ ಅದು ತಿನ್ನುತ್ತಿದ್ದ ಎಲೆಯನ್ನೇ ಹಾಕು, ಬೇರೆ ಎಲೆ ಹಾಕಿದರೆ ಉಪವಾಸ ಬೀಳುತ್ತದೆ.

ಗಾಳಕ್ಕೆ ಸಿಕ್ಕಿಸುವಾಗ ತಾಳ್ಮೆ ಬೇಕು. ಹುಳಕ್ಕೆ ಮೂಳೆಯಿಲ್ಲ, ಮೈಯೊಳಗಿನ ದ್ರವದ ಒತ್ತಡದಿಂದಲೇ ಅದು ಬಿರುಸಾಗಿ ನಿಂತಿರುವುದು. ನಡುಮೈಗೆ ಚುಚ್ಚಿದರೆ ಹಸಿರು ರಸ ಸುರಿದು, ಗಾಳದಲ್ಲಿ ಖಾಲಿ ತೊಗಲು ಮಾತ್ರ ಜೋತಾಡುತ್ತದೆ. ತಲೆಯ ಹಿಂದೆ, ಕುತ್ತಿಗೆಯ ಚರ್ಮವನ್ನು ಮಾತ್ರ ತೆಳುವಾಗಿ ಹಿಡಿದು ಗಾಳದ ತುದಿ ಆಚೆ ಬರುವಂತೆ ಒಂದೇ ಸಲ ಹೊಗಿಸು. ಹಾಗೆ ಮಾಡಿದರೆ ನೀರಿಗೆ ಬಿದ್ದ ಮೇಲೂ ಮೈ ತಿರುಚಿ ಒದ್ದಾಡುತ್ತದೆ, ಮೀನಿಗೆ ಬೇಕಾದದ್ದು ಅದೇ. ಗಾಳ ಸಣ್ಣದಿರಲಿ. ಅಂಗಡಿಯಲ್ಲಿ 10 ಅಥವಾ 12 ನಂಬರು ಕೇಳು; ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡು. ಮರಿ ಬಂದರೆ ಬಾಯಿ ಹರಿಯದೆ ಬಿಡಿಸಬಹುದು, ನಿನ್ನ ಬೆರಳಿಗೆ ಹೊಕ್ಕರೂ ಸಲೀಸಾಗಿ ಹೊರಬರುತ್ತದೆ. ಸೀಸದ ಗುಂಡು ಬೇಡ. ಮರದಿಂದ ಬಿದ್ದ ಹುಳ ಕಲ್ಲಿನಂತೆ ತಳಕ್ಕೆ ಇಳಿಯುವುದಿಲ್ಲವಲ್ಲ! ಬೆಂಡೂ ಬೇಡ. ಎಂಟು-ಹತ್ತು ಅಡಿಯ ವಾಟೆ ಕೋಲು, ಅದಕ್ಕಿಂತ ಒಂದಡಿ ಕಡಿಮೆ ನೈಲಾನ್ ದಾರ. ಹಳ್ಳಕ್ಕೆ ಇಷ್ಟು ಸಾಮಾನು ಧಾರಾಳ.

ಮೀನು ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ, ಹಾಗಾಗಿ ನೀನು ಕೆಳಗಿನಿಂದ ಮೇಲಕ್ಕೆ ನಡೆದು ಬಾ. ನೀರೊಳಗಿನ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಂಡಿಯಲ್ಲೇ ಕಾಣುವುದು. ದಡದಲ್ಲಿ ನೆಟ್ಟಗೆ ನಿಂತವನು ಆ ಕಿಂಡಿಯಲ್ಲಿ ಸಿಕ್ಕಿಬೀಳುತ್ತಾನೆ, ಕುಕ್ಕರುಗಾಲಿನಲ್ಲಿ ಕೂತವನು ಅಂಚಿಗೆ ಸರಿದು ಮರೆಯಾಗುತ್ತಾನೆ. ನಿನ್ನ ನೆರಳು ನೀರಿಗೆ ಬೀಳದಿರಲಿ. ಮಾತಿಗಿಂತ ಹೆಜ್ಜೆಯ ಸದ್ದು ಕೆಟ್ಟದ್ದು. ನೆಲದ ಅದುರು ನೀರಿಗೆ ದಾಟುತ್ತದೆ, ಮೀನಿನ ಮೈಯ ಪಕ್ಕದ ಗೆರೆಗೆ ಅದು ತಿಳಿಯುತ್ತದೆ. ಅದೇ ಗೆರೆಯಿಂದ ಹುಳ ಬಿದ್ದ ಸಣ್ಣ ಸದ್ದೂ ತಿಳಿಯುವುದು. ಆದ್ದರಿಂದ ಗಾಳ ಬೀಸಿ ಎಸೆಯಬೇಡ. ಚಾಚಿದ ಕೊಂಬೆಯ ಅಂಚಿಗೆ ಸರಿಯಾಗಿ ಕೋಲು ನೀಡಿ, ಗೇಣೆತ್ತರದಿಂದ ಹುಳವನ್ನು ಟಪ್ಪನೆ ಬೀಳಿಸು. ಬಿದ್ದ ಮೇಲೆ ದಾರ ಸಡಿಲ ಬಿಟ್ಟು ಸೆಳವಿನ ಜೊತೆ ಹೋಗಲು ಬಿಡು. ಕಲ್ಲಿನ ಹಿಂದಿನ ನಿಧಾನದ ನೀರು, ಬೇರು ಕೊರೆದು ಆದ ಪೊಟರೆ, ಸೆಳವು ಮಡುವಿಗೆ ಇಳಿಯುವ ಬಾಯಿ, ಈ ಮೂರು ಜಾಗ ನೋಡಿಕೊ. ನೀರು ಬಗ್ಗಡವಾಗಿದ್ದರೆ ಎರೆಹುಳ ಹಾಕು, ತಿಳಿಯಾಗಿದ್ದರೆ ಮರದ ಹುಳ ಹಾಕು.

ಕಚ್ಚುವ ರೀತಿಯಲ್ಲೇ ಜಾತಿ ತಿಳಿಯುತ್ತದೆ. ಸಸಲು ಗುಂಪಾಗಿ ಬಂದು ತುದಿಯಿಂದ ಕಿತ್ತು ಕಿತ್ತು ತಿನ್ನುತ್ತದೆ, ದಾರ ಚಿಟುಚಿಟು ಅನ್ನುತ್ತದೆ. ಕೊರವ ಹಾಗಲ್ಲ. ಸದ್ದಿಲ್ಲದೆ ಬಂದು, ಒಮ್ಮೆಗೇ ನುಂಗಿ, ಪೊಟರೆಯ ಕಡೆ ತಿರುಗುತ್ತದೆ. ತಿರುಗಿದ ಮೇಲೆ ಎತ್ತು, ಮೊದಲೇ ಎತ್ತಿದರೆ ಬಾಯಿಂದ ಜಾರುತ್ತದೆ. ಮೀಸೆ ಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡ, ರೆಕ್ಕೆಯ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲ ನೋವು. ವಾಪಸು ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟು. ಒಣಕೈಗೆ ಅದರ ಮೈಯ ಲೋಳೆ ಅಂಟಿ ಬಂದರೆ ಮೀನಿಗೆ ರೋಗ ತಗಲಬಹುದು. ಒಂದು ಸಾರಿಗೆ ಆಗುವಷ್ಟು ಸಿಕ್ಕಿತೋ, ಕೋಲು ಎತ್ತಿಡು. ವಾಟೆಹುಳಿ ಹಾಕಿದ ಸಾರಿಗೆ ಅಂಗೈಯಗಲದ ನಾಲ್ಕು ಮೀನು ಸಾಕು.

ಮಡುವಿನ ಮೇಲ್ಭಾಗದಲ್ಲಿ ಒಮ್ಮೊಮ್ಮೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ದಟ್ಟ ಹಿಂಡು ಕುದಿಯುವ ಹಾಗೆ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಕೊರವದ ಸಂಸಾರ ಅದು. ಮರಿಗಳ ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಆಗ ಗಾಳ ಹಾಕಿದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಸುಲಭದ ಬೇಟೆ ಅಂತ ಹಿಡಿಯುವವರಿದ್ದಾರೆ. ಎರಡು ಮೀನಿನ ಆಸೆಗೆ ಇಡೀ ಹಿಂಡು ಬೇರೆ ಮೀನಿನ ಹೊಟ್ಟೆಗೆ ಹೋಗುತ್ತದೆ. ನೀನು ಮಾತ್ರ ಆ ಮಡು ದಾಟಿ ಮುಂದೆ ನಡೆ.

ಇದಕ್ಕಿಂತ ದೊಡ್ಡ ಮಾತು ಕಾಲದ್ದು. ಸಾಗುವಾನಿ ಹುಳ ಬೀಳುವ ದಿನಗಳ ಬೆನ್ನಿಗೇ ಮೃಗಶಿರೆ ಮಳೆ ಹಿಡಿಯುತ್ತದೆ. ಗದ್ದೆ ತುಂಬಿ, ಹಳ್ಳ ಕೆಂಪಗೆ ಹರಿಯಲು ಶುರುವಾದದ್ದೇ ಹೊಳೆಯ ಮೀನು ಮೊಟ್ಟೆ ಇಡಲು ಸೆಳವಿಗೆ ಎದುರಾಗಿ ಮೇಲೇರುತ್ತದೆ. ನಾವು ಹತ್ತುಮೀನು ಅನ್ನುವುದು ಇದನ್ನೇ. ಊರಿಗೆ ಊರೇ ಕೂಣಿ ಹಿಡಿದು ಓಡುವ ಕಾಲ ಅದು, ನಿನಗೂ ಕೈ ತುರಿಸೀತು. ಆದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹತ್ತುವ ಒಂದು ಮೀನು ಬರುವ ವರ್ಷದ ಒಂದು ಗುಂಪು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟು ದೊಡ್ಡ ಸಮುದ್ರಕ್ಕೇ ರಜೆ ಬೇಕಾದರೆ, ಮೊಣಕಾಲುದ್ದದ ಹಳ್ಳಕ್ಕೆ ಬೇಡವೇ? ಕೆನ್ನೀರು ಹರಿಯಲು ಶುರುವಾದ ದಿನದಿಂದ ಹಸ್ತ ಮಳೆ ಮುಗಿಯುವ ತನಕ ನಮ್ಮ ಹಳ್ಳಕ್ಕೆ ನಾವೇ ಬಾಗಿಲು ಹಾಕಿಕೊಳ್ಳಬೇಕು. ಚಿತ್ತೆ, ಸ್ವಾತಿಯ ಹೊತ್ತಿಗೆ ನೀರು ತಿಳಿಯಾಗುತ್ತದೆ. ಬಾಳೆಯ ಸುರುಳಿಗಳೂ ಅಷ್ಟರಲ್ಲಿ ತುಂಬಿರುತ್ತವೆ.

ಕೆಲವು ಜಾಗಗಳಿಗೆ ಕಾಲವೇ ಇಲ್ಲ, ವರ್ಷಪೂರ್ತಿ ನಿಷಿದ್ಧ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ, ಶಿಶಿಲದ ಕಪಿಲೆಯಲ್ಲಿ ಮಹಶೀರ್ ಮೀನುಗಳು ನಿರ್ಭಯವಾಗಿ ಓಡಾಡಿಕೊಂಡಿವೆ. ಅಲ್ಲಿ ಮಂಡಕ್ಕಿ ಹಾಕಿ ನೋಡಿ ಬಾ. ಭದ್ರಾ ಅಭಯಾರಣ್ಯದ ಒಳಗಿನ ತೊರೆಗಳು ಎಷ್ಟೇ ಆಸೆ ಹುಟ್ಟಿಸಿದರೂ ಗಾಳ ಹಿಡಿದು ಒಳಗೆ ಕಾಲಿಡಬೇಡ. ಅದು ವನ್ಯಜೀವಿ ಕಾಯಿದೆಯ ಮಾತು. ಹೊರಗಿನ ಹೊಳೆಯಾದರೂ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡೇ ಇಳಿ. ಇನ್ನು ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು, ಕಾರೆಕಾಯಿ ಅರೆದು ಕದಡುವುದು, ಬ್ಯಾಟರಿಯಿಂದ ಶಾಕ್ ಕೊಡುವುದು ಮಾಡುವ ಸ್ನೇಹಿತರಿದ್ದರೆ ಅವರ ಜೊತೆ ಹಳ್ಳಕ್ಕೆ ಹೋಗಬೇಡ. ಅವರ ಜೊತೆ ಬೇರೆಲ್ಲಿಗೂ ಹೋಗದಿದ್ದರೆ ಇನ್ನೂ ಒಳ್ಳೆಯದು.

ನಿನ್ನ ಜೀವದ ಮಾತು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಸಿಡಿಲು ಜಾಸ್ತಿ, ನೀನು ತರುವ ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದ ಕೂಡಲೇ ರಾಡು ಕೆಳಗಿಟ್ಟು ಮನೆ ಸೇರು, ಮರದಡಿ ನಿಲ್ಲಬೇಡ. ತೋಟದ ಮೇಲೆ ಹಾದ ಕರೆಂಟಿನ ತಂತಿ ಎಲ್ಲಿದೆ ಅಂತ ಮೊದಲೇ ನೋಡಿಕೊ. ಎತ್ತಿದ ರಾಡು ತಾಗುವುದಿರಲಿ, ಹತ್ತಿರ ಹೋದರೂ ಅಪಾಯ. ನಿನ್ನ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಮಣ್ಣುಬಣ್ಣಕ್ಕೆ ತಿರುಗಿ, ತರಗೆಲೆ ಕಸಕಡ್ಡಿ ತೇಲಿಬಂದರೆ ಹಿಂದೆ ಮುಂದೆ ನೋಡದೆ ದಡ ಹತ್ತು. ಒಬ್ಬನೇ ಹೋಗಬೇಡ, ಯಾವ ಕಡೆ ಹೋಗುತ್ತೇನೆ ಅಂತ ಚಿಕ್ಕಮ್ಮನಿಗೆ ಹೇಳದೆಯೂ ಹೋಗಬೇಡ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಟಾಲ್ಪಾ ಅನ್ನುವ ಮರವನ್ನು ಗಾಳದ ಹುಳಕ್ಕೆಂದೇ ಹಿತ್ತಲಲ್ಲಿ ಬೆಳೆಸುವ ರೂಢಿಯಿದೆ. ಅದರ ಎಲೆ ತಿಂದು ಬದುಕುವ ಒಂದು ಜಾತಿಯ ಹುಳ ಮರವನ್ನು ಬೋಳು ಮಾಡುತ್ತದೆ, ಮರ ಮತ್ತೆ ಚಿಗುರುತ್ತದೆ. ಅಲ್ಲಿಯವರು ಹುಳವನ್ನು ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಫ್ರೀಜರಿನಲ್ಲಿಟ್ಟು ತಿಂಗಳುಗಟ್ಟಲೆ ಬಳಸುತ್ತಾರೆ. ಮರ ಇದ್ದರೆ ಹುಳ, ಹುಳ ಇದ್ದರೆ ಮೀನು ಅಂತ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾವು ಮಾಡುತ್ತಿರುವುದು ಅದಕ್ಕೆ ತಿರುಗುಮುರುಗು. ತೋಟಕ್ಕೆ ನೆರಳಾಯಿತು ಅಂತ ಹಳ್ಳದಂಚಿನ ಮರ ಕಡಿಯುತ್ತೇವೆ, ಹಾವು ಸೇರುತ್ತದೆ ಅಂತ ಪೊದೆ ಸವರುತ್ತೇವೆ, ಜೆಸಿಬಿ ತರಿಸಿ ದಡ ನೆಟ್ಟಗೆ ಮಾಡುತ್ತೇವೆ. ಆಮೇಲೆ ಹಳ್ಳದಲ್ಲಿ ಮೀನೇ ಇಲ್ಲ ಅಂತ ದೂರುತ್ತೇವೆ. ಬೋಳು ದಡದ ನೀರು ಬಿಸಿಯೇರುತ್ತದೆ, ಮಣ್ಣು ಕುಸಿದು ಮಡು ತುಂಬುತ್ತದೆ, ಮೇಲಿನಿಂದ ಬೀಳುವ ಊಟವಂತೂ ನಿಂತೇಹೋಗುತ್ತದೆ. ಅಂಥ ಕಡೆ ಎಷ್ಟು ದುಡ್ಡಿನ ರಬ್ಬರ್ ಹುಳ ಆಡಿಸಿದರೇನು?

ಈ ವರ್ಷ ನಮ್ಮ ದಡದ ಒಂದು ಭಾಗವೂ ಕುಸಿದಿದೆ. ಅಲ್ಲಿಗೆ ಕಲ್ಲು ಕಟ್ಟಿಸೋಣ ಅಂತ ನಿಮ್ಮಪ್ಪ ಲೆಕ್ಕ ಹಾಕುತ್ತಿದ್ದಾನೆ. ನಾನು ಹೇಳಿದರೆ ಅಣ್ಣ ಕೇಳುವವನಲ್ಲ, ನೀನು ಹೇಳು. ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ ಸಸಿ ನಾನು ತಂದಿಡುತ್ತೇನೆ. ಮೃಗಶಿರೆ ಮಳೆ ಹಿಡಿದ ವಾರ ಎರಡು ದಿನ ರಜೆ ಹಾಕಿ ಗುದ್ದಲಿ ಕೆಲಸಕ್ಕೆ ಬಾ. ಮೀನಿನ ಮಾತನ್ನು ಚಿತ್ತೆ ಮಳೆಯಲ್ಲಿ ಆಡೋಣ.

ನಿನ್ನ ಚಿಕ್ಕಪ್ಪ